ಸರಳೆಯಿಂದ ಗೀತೆಗೆ: ಒಂದು ಹಳೆಯ ಪಾಠಕ್ರಮದ ವಿನ್ಯಾಸ

ಪಾಠಕ್ರಮದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಹೆಚ್ಚಾಗಿ ಯಾವ ಪಾಠ ಇರಬೇಕು, ಯಾವುದನ್ನು ಕೈಬಿಡಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದು ಪಾಠ ಮುಗಿಸಿ ಮುಂದಿನದಕ್ಕೆ ಕಾಲಿಡುವ ಮಗುವಿಗೆ ಏಕಕಾಲಕ್ಕೆ ಎಷ್ಟು ಹೊಸ ಸಂಗತಿಗಳು ಎದುರಾಗುತ್ತವೆ, ಅವುಗಳಲ್ಲಿ ಎಷ್ಟನ್ನು ಹಿಂದಿನ ಪಾಠ ಮೊದಲೇ ಹದಮಾಡಿ ಕೊಟ್ಟಿದೆ ಎಂದು ಕೇಳುವವರು ಕಡಿಮೆ. ಪಾಠಕ್ರಮದ ಗುಣ ಗೊತ್ತಾಗುವುದು ಮಾತ್ರ ಆ ಪ್ರಶ್ನೆಯಲ್ಲೇ. ಇದನ್ನು ಪರೀಕ್ಷಿಸಲು ಈ ಟಿಪ್ಪಣಿ ಎತ್ತಿಕೊಂಡಿರುವುದು ಶಾಲಾ ಪುಸ್ತಕವನ್ನಲ್ಲ, ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು: ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ, ಪಿಳ್ಳಾರಿ ಗೀತೆ. ದಕ್ಷಿಣ ಭಾರತದಲ್ಲಿ ಸಂಗೀತ ಕಲಿಯುವ ಮಕ್ಕಳು ಇಂದಿಗೂ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆಯುತ್ತಾರೆ. ಇಷ್ಟು ದೀರ್ಘಕಾಲ ಬಳಕೆಯಲ್ಲಿ ಉಳಿದ ಪಾಠಕ್ರಮಗಳು ಬಹಳ ಇಲ್ಲ. ಭಕ್ತಿಯಿಂದ ಇದನ್ನು ಹೊಗಳಿದ ಬರಹಗಳಿಗೆ ಕೊರತೆಯಿಲ್ಲ. ಇಲ್ಲಿ ಅದನ್ನು ಒಂದು ರಚನೆಯಾಗಿ ಬಿಚ್ಚಿ ನೋಡುವುದಷ್ಟೇ ಉದ್ದೇಶ.

ಅಳತೆಗೋಲಿಗೆ ಶಿಕ್ಷಣತಜ್ಞ ರಾಲ್ಫ್ ಟೈಲರ್ ಸಾಕು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತಾನು ಕಲಿಸುತ್ತಿದ್ದ ತರಗತಿಯ ಟಿಪ್ಪಣಿಗಳನ್ನೇ ಆತ 1949ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದ. ಪಾಠಕ್ರಮ ಕಟ್ಟುವವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು ಎಂಬುದು ಅದರ ಸಾರ: ಏನನ್ನು ಸಾಧಿಸಬೇಕು, ಅದಕ್ಕೆ ಎಂಥ ಅನುಭವ ಒದಗಿಸಬೇಕು, ಆ ಅನುಭವಗಳನ್ನು ಹೇಗೆ ಜೋಡಿಸಬೇಕು, ಸಾಧಿಸಿದ್ದು ಹೇಗೆ ತಿಳಿಯಬೇಕು. ಮೂರನೆಯ ಪ್ರಶ್ನೆಗೆ ಅವನು ಮೂರು ಒರೆಗಲ್ಲು ಕೊಟ್ಟ. ಮುಖ್ಯವಾದುದು ಮತ್ತೆ ಮತ್ತೆ ಎದುರಾಗಬೇಕು. ಹಾಗೆ ಎದುರಾದಾಗಲೆಲ್ಲ ಹಿಂದಿಗಿಂತ ಒಂದಿಷ್ಟು ಆಳಕ್ಕೆ ಇಳಿಯಬೇಕು. ಒಂದು ಕಡೆ ಕಲಿತದ್ದು ಕಲಿಕೆಯ ಉಳಿದ ಭಾಗಗಳೊಡನೆ ಬೆಸೆದುಕೊಳ್ಳಬೇಕು. ಇವನ್ನು ಸಾತತ್ಯ, ಅನುಕ್ರಮ, ಸಂಯೋಜನೆ ಎನ್ನಬಹುದು. ಆಮೇಲೆ ಬಂದ ಹಲವು ಸಿದ್ಧಾಂತಗಳು ಈ ಮೂರರ ವಿಸ್ತರಣೆಯಂತೆಯೇ ಕಾಣುತ್ತವೆ. 1960ರಲ್ಲಿ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಮುಂದಿಟ್ಟ ಸುರುಳಿಯಾಕಾರದ ಪಾಠಕ್ರಮ ಮೊದಲೆರಡನ್ನು ಸೇರಿಸಿ ಹೇಳಿದ ಮಾತೇ.

ಮೊದಲು ಕರ್ತೃತ್ವದ ಪ್ರಶ್ನೆ. ಈ ಪಾಠಗಳನ್ನು ಪುರಂದರದಾಸರು (1484–1564) ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ‘ಸಂಗೀತ ಪಿತಾಮಹ’ ಎಂಬ ಬಿರುದಿನ ಹಿಂದೆಯೂ ಈ ನಂಬಿಕೆಯಿದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇಂದಿನ ಪುಸ್ತಕಗಳಲ್ಲಿರುವ ಪ್ರತಿಯೊಂದು ವರಸೆಯೂ ಅವರ ಕೈಯಿಂದಲೇ ಹೀಗೆಯೇ ಬಂತು ಎಂದುಕೊಳ್ಳುವುದು ಸರಿಯಲ್ಲ. ಸ್ವರಗಳನ್ನು ಕ್ರಮಬದ್ಧವಾಗಿ ಹೆಣೆದು ಅಭ್ಯಾಸ ಮಾಡುವ ಅಲಂಕಾರಗಳು ಅವರಿಗಿಂತ ಬಹಳ ಹಳೆಯವು. 13ನೆಯ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಶಾರ್ಙ್ಗದೇವ 63 ಅಲಂಕಾರಗಳನ್ನು ಹೇಳುತ್ತಾನೆ. ಅಲಂಕಾರದ ಪಾಠದಲ್ಲಿ ಬರುವ ಏಳು ತಾಳಗಳು ಹರಿದಾಸರ ಸುಳಾದಿಗಳ ತಾಳಗಳು. ಹೊಸತು ಸಾಮಗ್ರಿಯಲ್ಲ, ಶ್ರೇಣೀಕರಣ. ಇರುವ ಸಾಮಗ್ರಿಯನ್ನು ಕಲಿಯುವವನ ಕಡೆಯಿಂದ ನೋಡಿ ಮೆಟ್ಟಿಲು ಕಟ್ಟುವುದೇ ಪಾಠಕ್ರಮಕಾರನ ಕೆಲಸವಾದ್ದರಿಂದ, ದಾಸರ ಹೆಸರಿಗೆ ಸಲ್ಲುವ ಗೌರವ ಇದರಿಂದ ಕುಗ್ಗುವುದಿಲ್ಲ.

ಈಗ ಸರಳೆ ವರಸೆಗೆ ಬರೋಣ. ಪಾಠಗಳ ಸಂಖ್ಯೆ, ಕೊನೆಯ ಕೆಲವು ವರಸೆಗಳ ಕ್ರಮ ಪುಸ್ತಕದಿಂದ ಪುಸ್ತಕಕ್ಕೆ ತುಸು ಬದಲಾಗುತ್ತವೆ. ಮೊದಲ ಏಳರಲ್ಲಿ ಒಮ್ಮತ ಹೆಚ್ಚು. ಒಂದನೆಯದು ಎಲ್ಲರಿಗೂ ಗೊತ್ತು: ‘ಸರಿಗಮ ಪದನಿಸ, ಸನಿದಪ ಮಗರಿಸ’. ಮೇಲಿನ ಷಡ್ಜವೂ ಸೇರಿ ಎಂಟು ಸ್ವರ. ಆದಿತಾಳಕ್ಕೆ ಎಂಟು ಅಕ್ಷರ, ನಾಲ್ಕರ ಒಂದು ಲಘು, ಎರಡೆರಡರ ಎರಡು ದ್ರುತ. ಏರುವುದಕ್ಕೆ ಒಂದು ಆವರ್ತ, ಇಳಿಯುವುದಕ್ಕೆ ಒಂದು. ಸ್ವರದ ಲೆಕ್ಕವೂ ತಾಳದ ಲೆಕ್ಕವೂ ಕೂಡಿಬರುವುದರಿಂದ ಮಗುವಿಗೆ ಎರಡನ್ನು ಬೇರೆಬೇರೆಯಾಗಿ ಎಣಿಸುವ ಕಷ್ಟವಿಲ್ಲ.

ಎರಡನೆಯದರಿಂದ ಏಳನೆಯದರವರೆಗಿನ ಕಟ್ಟಡ ಕುತೂಹಲಕರ. ಎರಡನೆಯದು ‘ಸರಿಸರಿ ಸರಿಗಮ’ ಎಂದು ಎರಡು ಸ್ವರಗಳ ತುಣುಕನ್ನು ತಿರುಗಿಸುತ್ತದೆ. ಮೂರನೆಯದು ‘ಸರಿಗಸ ರಿಗಸರಿ’, ಅಂದರೆ ಮೂರರ ತುಣುಕು. ನಾಲ್ಕನೆಯದು ‘ಸರಿಗಮ ಸರಿಗಮ’. ಐದನೆಯದರಲ್ಲಿ ಪಂಚಮದವರೆಗೆ ಹೋಗಿ ಹಿಂದಿರುಗಬೇಕು, ಆರನೆಯದರಲ್ಲಿ ಧೈವತದವರೆಗೆ, ಏಳನೆಯದರಲ್ಲಿ ನಿಷಾದದವರೆಗೆ. ಪ್ರತಿ ಪಾಠದಲ್ಲೂ ಒಂದೊಂದೇ ಸ್ವರ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಎರಡನೆಯ ಆವರ್ತದಲ್ಲಿದೆ: ಈ ಆರೂ ವರಸೆಗಳಲ್ಲಿ ಮೊದಲ ಆವರ್ತ ಹೊಸತು, ಎರಡನೆಯದು ಮತ್ತೆ ‘ಸರಿಗಮ ಪದನಿಸ’ವೇ. ಇಳಿಯುವಾಗಲೂ ಹಾಗೆಯೇ. ಅಂದರೆ ಪ್ರತಿ ಹೊಸ ಪಾಠದ ಅರ್ಧಭಾಗ ಹಳೆಯ ಪಾಠ. ಹೊಸದರಲ್ಲಿ ಎಡವಿದ ಮಗುವಿಗೆ ಮುಂದಿನ ಆವರ್ತದಲ್ಲೇ ಪರಿಚಿತ ನೆಲ ಸಿಗುತ್ತದೆ. ಟೈಲರ್ ಹೇಳಿದ ಸಾತತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕೊಡುವುದು ಕಷ್ಟ.

ಮೂರನೆಯ ವರಸೆಯ ಹತ್ತಿರ ಇನ್ನೂ ಸ್ವಲ್ಪ ನಿಲ್ಲಬೇಕು. ಎರಡರ ತುಣುಕು ನಾಲ್ಕು–ಎರಡು–ಎರಡರ ತಾಳದಲ್ಲಿ ಜಗಳವಿಲ್ಲದೆ ಕೂರುತ್ತದೆ. ಮೂರರದು ಕೂರುವುದಿಲ್ಲ: ಲಘುವಿನೊಳಗೇ ಎರಡನೆಯ ‘ಸ’ ಬಂದುಬಿಡುತ್ತದೆ, ದ್ರುತದ ಘಾತ ‘ರಿ’ಯ ಮೇಲೆ ಬೀಳುತ್ತದೆ. ಪಲ್ಲವಿ ಹಾಡುವ ವಿದ್ವಾಂಸರು ವರ್ಷಗಟ್ಟಲೆ ಸಾಧಕ ಮಾಡುವ ಲೆಕ್ಕಾಚಾರದ ಮೊದಲ ಅಕ್ಷರಾಭ್ಯಾಸ ಇದು. ಸ್ವರದ ಗತಿ ಬೇರೆ, ತಾಳದ ಗತಿ ಬೇರೆ, ಎರಡೂ ಕೊನೆಗೆ ಸಮದಲ್ಲಿ ಸೇರಬೇಕು. ಮಗುವಿಗೆ ಅದನ್ನು ಯಾರೂ ವಿವರಿಸುವುದಿಲ್ಲ, ವಿವರಿಸಬೇಕಾಗಿಯೂ ಇಲ್ಲ. ಐದು ಮತ್ತು ಏಳರ ವರಸೆಗಳಲ್ಲಿ ಪಂಚಮವನ್ನೂ ನಿಷಾದವನ್ನೂ ಒಂದು ಅಕ್ಷರ ಹೆಚ್ಚು ಎಳೆಯಬೇಕು. ಕಾರ್ವೆ ಎಂಬ ಸಂಗತಿ ಪಾಠಕ್ಕೆ ಬರುವುದು ಹೀಗೆ, ಲೆಕ್ಕ ಸರಿದೂಗಿಸುವ ಅಗತ್ಯದಿಂದ.

ಪ್ರತಿ ವರಸೆಯನ್ನೂ ಮೂರು ಕಾಲದಲ್ಲಿ ಹಾಡಬೇಕು. ತಾಳ ಹಾಕುವ ಕೈ ಅದೇ ನಡೆಯಲ್ಲಿರುತ್ತದೆ. ಅಕ್ಷರಕ್ಕೆ ಒಂದು ಸ್ವರವಿದ್ದದ್ದು ಎರಡಾಗುತ್ತದೆ, ನಾಲ್ಕಾಗುತ್ತದೆ. ಸ್ವರಗುಚ್ಛ ಬದಲಾಗಿಲ್ಲ, ರಾಗ ಬದಲಾಗಿಲ್ಲ, ತಾಳ ಬದಲಾಗಿಲ್ಲ. ವೇಗ ಒಂದೇ ಬದಲಾಗಿದೆ. ಇಡೀ ವ್ಯವಸ್ಥೆಯ ಬೀಗದಕೈ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಸರಳೆಯಲ್ಲಿ ರಾಗತಾಳಗಳು ಸ್ಥಿರ, ಸ್ವರವಿನ್ಯಾಸ ಚಲಿಸುತ್ತದೆ. ಜಂಟಿಯಲ್ಲಿ ಅದೇ ರಾಗ, ಅದೇ ಆದಿತಾಳ; ‘ಸಸ ರಿರಿ ಗಗ ಮಮ’ ಎಂದು ಸ್ವರಗಳು ಜೋಡಿಯಾಗುತ್ತವೆ, ಎರಡನೆಯದಕ್ಕೆ ಒತ್ತು ಬೀಳುತ್ತದೆ. ಗಮಕದ ಮೊದಲ ರುಚಿ ಸಿಗುವುದು ಆ ಒತ್ತಿನಲ್ಲಿ. ದಾಟು ವರಸೆಯಲ್ಲಿ ಪಕ್ಕದ ಸ್ವರಕ್ಕೆ ಹೋಗುವ ಬದಲು ಹಾರಬೇಕು. ಮಂದ್ರ, ತಾರಸ್ಥಾಯಿ ವರಸೆಗಳು ಧ್ವನಿಯ ಹರಹನ್ನು ಹಿಗ್ಗಿಸುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಅಲಂಕಾರಕ್ಕೆ ಬಂದಾಗ ವ್ಯವಸ್ಥೆ ತಲೆಕೆಳಗಾಗುತ್ತದೆ. ಇಲ್ಲಿಯವರೆಗೆ ಸ್ಥಿರವಾಗಿದ್ದ ತಾಳ ಚಲಿಸತೊಡಗುತ್ತದೆ, ಚಲಿಸುತ್ತಿದ್ದ ಸ್ವರಸಾಮಗ್ರಿ ನಿಲ್ಲುತ್ತದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಿಗೂ ಬಳಸುವ ಬೀಜ ಒಂದೇ, ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರ. ಏಕತಾಳಕ್ಕೆ ‘ಸರಿಗಮ’ ಅಷ್ಟೇ. ರೂಪಕಕ್ಕೆ ‘ಸರಿ ಸರಿಗಮ’. ತ್ರಿಪುಟಕ್ಕೆ ‘ಸರಿಗ ಸರಿ ಗಮ’. ಅದನ್ನೇ ಋಷಭದಿಂದ, ಗಾಂಧಾರದಿಂದ ಎತ್ತಿಕೊಂಡು ಐದು ಆವರ್ತಗಳಲ್ಲಿ ಮೇಲಿನ ಷಡ್ಜ ಮುಟ್ಟಬೇಕು. ಮಠ್ಯಕ್ಕೂ ಝಂಪೆಗೂ ಹತ್ತು ಹತ್ತು ಅಕ್ಷರ. ಒಂದರ ವಿಂಗಡಣೆ ನಾಲ್ಕು–ಎರಡು–ನಾಲ್ಕು, ಇನ್ನೊಂದರದು ಏಳು–ಒಂದು–ಎರಡು. ಧ್ರುವಕ್ಕೂ ಅಟ್ಟಕ್ಕೂ ಹದಿನಾಲ್ಕು; ಒಳಗಿನ ಹಂಚಿಕೆ ಬೇರೆ. ಮೊತ್ತ ಒಂದೇ ಆದರೂ ತಾಳ ಒಂದೇ ಅಲ್ಲ ಎಂಬುದನ್ನು ಮಗುವಿನ ಕೈ ಕಲಿಯುತ್ತದೆ. ಇದು ಉದ್ದೇಶಪೂರ್ವಕ ಜೋಡಣೆಯೋ ರೂಢಿಯ ಜಾತಿಗಳಿಂದ ತಾನಾಗಿ ಒದಗಿದ್ದೋ ಹೇಳಲಾಗದು, ಎರಡನೆಯದೇ ಇರಬಹುದು. ಕಲಿಯುವವರಿಗೆ ಆಗುವ ಪ್ರಯೋಜನದಲ್ಲಿ ಅದರಿಂದ ವ್ಯತ್ಯಾಸವಿಲ್ಲ.

ಹೊಸ ಸಂಗತಿ ಕಲಿಯುವಾಗ ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲದ್ದು ಬಹಳ ಸ್ವಲ್ಪ. ಬೇಡದ ಭಾರ ಹೇರಿದರೆ ಕಲಿಕೆಗೆ ಜಾಗ ಉಳಿಯುವುದಿಲ್ಲ ಎಂಬ ವಾದವನ್ನು ಆಸ್ಟ್ರೇಲಿಯದ ಮನೋವಿಜ್ಞಾನಿ ಜಾನ್ ಸ್ವೆಲರ್ 1988ರಲ್ಲಿ ಮಂಡಿಸಿದ. ವರಸೆಗಳ ಕಟ್ಟಡ ಈ ಅರಿವಿಗೆ ಸಂಪೂರ್ಣ ಹೊಂದುತ್ತದೆ. ಹಾಗೆಂದು ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಬೀಗುವುದರಲ್ಲಿ ಅರ್ಥವಿಲ್ಲ. ಮಕ್ಕಳಿಗೆ ಪಾಠ ಹೇಳುತ್ತ ಹೇಳುತ್ತ, ಎಡವಿದಲ್ಲೆಲ್ಲ ಒಂದೊಂದು ಮೆಟ್ಟಿಲು ಸೇರಿಸುತ್ತ ಹೋದ ಗುರುಗಳ ತಲೆಮಾರುಗಳು ಸಿದ್ಧಾಂತವಿಲ್ಲದೆಯೂ ಇಲ್ಲಿಗೆ ತಲುಪಬಹುದು.

ಈ ಪಾಠಗಳನ್ನೆಲ್ಲ ಹಾಡುವ ಮಾಯಾಮಾಳವಗೌಳ ರಾಗದ ಆಯ್ಕೆಗೂ ಇದೇ ತರ್ಕ ಕಾಣುತ್ತದೆ. ಮಾಯಾಮಾಳವಗೌಳದ ಕೆಳಗಿನ ಅರ್ಧ, ಷಡ್ಜದಿಂದ ಮಧ್ಯಮದವರೆಗೆ, ಒಂದು ಸಣ್ಣ ಅಂತರ, ಒಂದು ದೊಡ್ಡ ಅಂತರ, ಮತ್ತೆ ಒಂದು ಸಣ್ಣ ಅಂತರ. ಪಂಚಮದಿಂದ ಮೇಲಿನ ಷಡ್ಜದವರೆಗಿನ ಅರ್ಧವೂ ಅಚ್ಚು ಹಾಗೆಯೇ. ನಾಲ್ಕು ಸ್ವರಗಳ ಅಂತರ ಕಿವಿಗೆ ಹತ್ತಿದರೆ ಎಂಟೂ ಹತ್ತಿದಂತೆ. ವೀಣೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸಾರಣಿ ತಂತಿಯಲ್ಲಿ ‘ರಿಗಮ’ಕ್ಕೆ ಒಂದು, ನಾಲ್ಕು, ಐದನೆಯ ಮೆಟ್ಟಿಲು, ಪಂಚಮದ ತಂತಿಯಲ್ಲಿ ‘ದನಿಸ’ಕ್ಕೂ ಅವೇ ಮೆಟ್ಟಿಲುಗಳು. ಆದರೆ ಈ ಅನುಕೂಲಕ್ಕಾಗಿಯೇ ರಾಗವನ್ನು ಆರಿಸಿದರು ಎಂದು ತೀರ್ಮಾನಿಸುವ ಮುನ್ನ ಇನ್ನೊಂದು ಸಂಗತಿ ನೆನೆಯಬೇಕು. 1550ರಲ್ಲಿ ವಿಜಯನಗರದ ರಾಮರಾಜನ ಆಶ್ರಯದಲ್ಲಿ ‘ಸ್ವರಮೇಳಕಲಾನಿಧಿ’ ಬರೆದ ರಾಮಾಮಾತ್ಯ ಮಾಳವಗೌಳವನ್ನು ರಾಗಗಳಲ್ಲೆಲ್ಲ ಉತ್ತಮವೆಂದು ಎಣಿಸಿದ್ದಾನೆ. ದಾಸರ ಕಾಲದಲ್ಲಿ, ದಾಸರ ಊರಿನಲ್ಲೇ ಈ ರಾಗಕ್ಕೆ ಅಂಥ ಮರ್ಯಾದೆಯಿತ್ತು. ‘ಮಾಯಾ’ ಎಂಬ ಪೂರ್ವಪದ ಬಂದದ್ದು ಆಮೇಲೆ, ಹದಿನೈದನೆಯ ಮೇಳವೆಂದು, ಅಕ್ಷರಗಳಿಂದ ಸಂಖ್ಯೆ ಹೇಳುವ ಕಟಪಯಾದಿ ಲೆಕ್ಕದಲ್ಲಿ ಸೂಚಿಸಲು. ಆಗ ಎಲ್ಲರ ಕಿವಿಯಲ್ಲಿದ್ದ ರಾಗವೆಂಬುದೂ ಆಯ್ಕೆಗೆ ಕಾರಣವಾಗಿರಬಹುದು. ಮಗು ಸುತ್ತಲೂ ಕೇಳುತ್ತಿರುವ ರಾಗದಿಂದಲೇ ಪಾಠ ಆರಂಭಿಸುವುದು ಕೂಡ ವಿನ್ಯಾಸದ ಒಂದು ತತ್ತ್ವವೇ. ಇಂದು ಆ ಕಾರಣ ಉಳಿದಿಲ್ಲ. ಎರಡೂ ಅರ್ಧಗಳ ಸಮಾನ ಅಂತರದ ಕಾರಣ ಉಳಿದಿದೆ. ಹಿಂದೂಸ್ತಾನಿಯವರು ಬಿಲಾವಲ್‌ನಿಂದ ಆರಂಭಿಸಿಯೂ ಒಳ್ಳೆಯ ಗಾಯಕರನ್ನು ತಯಾರು ಮಾಡಿದ್ದಾರೆ ಎಂಬುದನ್ನೂ ಮರೆಯಬಾರದು.

ಟೈಲರ್‌ನ ನಾಲ್ಕನೆಯ ಪ್ರಶ್ನೆ, ಕಲಿತದ್ದು ತಿಳಿಯುವುದು ಹೇಗೆ. ಕಲಿಸುವ ಗುರಿ, ಕಲಿಯುವ ಚಟುವಟಿಕೆ, ಪರೀಕ್ಷೆ ಮೂರೂ ಒಂದೇ ಗೆರೆಯಲ್ಲಿರಬೇಕು ಎಂದು ಶಿಕ್ಷಣತಜ್ಞ ಜಾನ್ ಬಿಗ್ಸ್ 1996ರಲ್ಲಿ ವಾದಿಸಿದ. ವರಸೆಯಲ್ಲಿ ಈ ಮೂರು ಬೇರೆಯಾಗಿಯೇ ಇಲ್ಲ. ಪಾಠವೇ ಪರೀಕ್ಷೆ. ಮೂರನೆಯ ಕಾಲದಲ್ಲಿ ಒಂದು ಸ್ವರ ಬಿಟ್ಟುಹೋದರೆ ಗುರು ಹೇಳಬೇಕಾಗಿಲ್ಲ, ಸಮ ತಪ್ಪುತ್ತದೆ, ಕೈಗೆ ಗೊತ್ತಾಗುತ್ತದೆ. ಸ್ವರಸ್ಥಾನ ಜಾರಿದರೆ ತಂಬೂರಿ ಹೇಳುತ್ತದೆ. ತಪ್ಪು ತಕ್ಷಣ, ಅವಮಾನವಿಲ್ಲದೆ, ಕಲಿಯುವವರಿಗೇ ತಿಳಿಯುವ ಇಂಥ ವ್ಯವಸ್ಥೆ ಶಾಲಾ ಪಾಠಗಳಲ್ಲಿ ಅಪರೂಪ. ಗಣಿತದ ಪುಸ್ತಕದ ಹಿಂಬದಿಯ ಉತ್ತರಗಳು ಒಂದು ಬಡ ಪ್ರಯತ್ನ.

ಗೀತೆಯ ಹೆಜ್ಜೆಯೂ ಜೋಪಾನದ್ದು. ಮೊದಲ ಗೀತೆ ‘ಲಂಬೋದರ’ ಇರುವುದು ಮಲಹರಿಯಲ್ಲಿ. ಮಲಹರಿ ಮಾಯಾಮಾಳವಗೌಳದ ಜನ್ಯ. ನಿಷಾದ ಬಿಟ್ಟುಹೋಗುತ್ತದೆ, ಏರುವಾಗ ಗಾಂಧಾರವೂ ಇಲ್ಲ. ಹೊಸ ಸ್ವರಸ್ಥಾನ ಒಂದೂ ಸೇರುವುದಿಲ್ಲ. ರೂಪಕ ತಾಳ ಅಲಂಕಾರದಲ್ಲೇ ಪರಿಚಯವಾಗಿದೆ. ಹಾಗಾಗಿ ನಿಜವಾಗಿ ಹೊಸದು ಸಾಹಿತ್ಯ ಮಾತ್ರ. ಮೊದಲ ಬಾರಿಗೆ ಮಗುವಿನ ಬಾಯಲ್ಲಿ ಹಾಡೊಂದು ಮೂಡುತ್ತದೆ, ಅದೂ ಪೂರ್ತಿ ಗೊತ್ತಿರುವ ಸ್ವರಗಳ ಮೇಲೆ.

ತೊಡಕು ಇದರ ಮುಂದೆ. ಗೀತೆಗಳ ಆಚೆಗೆ ಒಂದು ಸ್ವರಜತಿ, ಅದಾದ ಮೇಲೆ ವರ್ಣ. ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಹೇಳಿಕೊಡುವ ವರ್ಣಗಳಲ್ಲಿ ಒಂದಾದ ಮೋಹನದ ‘ನಿನ್ನುಕೋರಿ’ಯನ್ನೇ ತೆಗೆದುಕೊಳ್ಳಿ. ಋಷಭ, ಧೈವತಗಳು ಬೇರೆ. ಗಮಕ ತುಂಬಿದ ಸ್ವರಸಂಚಾರ. ಮುಕ್ತಾಯಿಸ್ವರ, ಚರಣ, ಎತ್ತುಗಡೆ ಸ್ವರಗಳೆಂಬ ಉದ್ದನೆಯ ಕಟ್ಟಡ. ಎಲ್ಲವನ್ನೂ ಎರಡು ಕಾಲದಲ್ಲಿ ಹಾಡಬೇಕು. ಅಲ್ಲಿಯವರೆಗೆ ಒಂದು ಬಾರಿಗೆ ಒಂದೇ ಕಷ್ಟ ಎಂಬ ನಿಯಮವನ್ನು ಪಾಲಿಸಿಕೊಂಡು ಬಂದ ಪಾಠಕ್ರಮ ಇಲ್ಲಿ ನಾಲ್ಕೈದನ್ನು ಒಟ್ಟಿಗೇ ಇಳಿಸುತ್ತದೆ. ಬಿಲಹರಿಯ ಸ್ವರಜತಿ ಈ ಕಂದಕಕ್ಕೆ ಹಾಕಿದ ಸಣ್ಣ ಸಂಕ, ಅಗಲ ಸಾಲದು. ಅನೇಕ ಮಕ್ಕಳ ಸಂಗೀತ ಇಲ್ಲಿ ನಿಲ್ಲುವುದು ಆಶ್ಚರ್ಯವಲ್ಲ.

ಇಷ್ಟು ಎಚ್ಚರದ ಪಾಠಕ್ರಮದಲ್ಲಿ ಇಂಥ ಬಿರುಕು ಇಷ್ಟು ಕಾಲ ಏಕೆ ಉಳಿಯಿತು? ನನಗೆ ಕಾಣುವ ಉತ್ತರ, ಅದು ಬಿರುಕಾಗಿರಲಿಲ್ಲ ಎಂಬುದು. ಗುರುವಿನ ಮನೆಯಲ್ಲಿದ್ದ ಹುಡುಗ ಸರಳೆ ಹಾಡುತ್ತಿದ್ದ ಹೊತ್ತಿಗೇ ಹಿರಿಯ ಶಿಷ್ಯರ ವರ್ಣ, ಗುರುವಿನ ಆಲಾಪನೆ, ಕಚೇರಿಯ ಕೃತಿ ಕೇಳುತ್ತಿದ್ದ. ಮೋಹನದ ಗಾಂಧಾರ ಹೇಗಿರಬೇಕೆಂದು ಪಾಠವಾಗುವ ಮೊದಲೇ ಅವನ ಕಿವಿಗೆ ಗೊತ್ತಿತ್ತು. ವರಸೆಗಳನ್ನು ಗಮಕವಿಲ್ಲದೆ ಸಪಾಟಾಗಿ ಕಲಿಸಿದರೂ ನಡೆಯುತ್ತಿತ್ತು, ಏಕೆಂದರೆ ಗಮಕದ ಪಾಠ ಜಗಲಿಯಲ್ಲಿ ದಿನವಿಡೀ ನಡೆದೇ ಇತ್ತು. ಟೈಲರ್‌ನ ಮೂರನೆಯ ಒರೆಗಲ್ಲಾದ ಸಂಯೋಜನೆಯನ್ನು ಪಾಠಕ್ರಮ ತನ್ನೊಳಗೆ ಇಟ್ಟುಕೊಂಡಿರಲಿಲ್ಲ, ಮನೆಗೆ ವಹಿಸಿತ್ತು. ಪುಸ್ತಕಕ್ಕೆ ಇಳಿದದ್ದು ವರಸೆ ಮಾತ್ರ, ಮನೆ ಇಳಿಯಲಿಲ್ಲ. ವಾರಕ್ಕೆ ಎರಡು ತರಗತಿ, ನಡುವೆ ಶಾಲೆಯ ಮನೆಗೆಲಸ ಎಂಬ ಇಂದಿನ ಏರ್ಪಾಟಿನಲ್ಲಿ ಮಗುವಿಗೆ ಸಿಗುವುದು ವರಸೆಯೊಂದೇ. ತಿಂಗಳುಗಟ್ಟಲೆ ಮಾಯಾಮಾಳವಗೌಳದ ಸ್ವರ ಹಾಡಿದ ಮಗುವಿಗೆ ಮಾಯಾಮಾಳವಗೌಳ ರಾಗ ಹೇಗಿರುತ್ತದೆಂದು ಗೊತ್ತಿಲ್ಲದಿರುವುದು ಅಸಂಗತವೇ ಸರಿ, ಆದರೂ ಅದೇ ಸಾಮಾನ್ಯ.

ಸಂಗೀತದಾಚೆಯ ಒಂದು ಹೋಲಿಕೆ ಇಲ್ಲಿ ಉಪಯುಕ್ತ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಎಂಬ ಪ್ರಾಥಮಿಕ ಶಾಲಾ ಕಾರ್ಯಕ್ರಮಕ್ಕೆ ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಪ್ರೇರಣೆ. ಅದೂ ಮೆಟ್ಟಿಲುಗಳ ಪಾಠಕ್ರಮವೇ. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು. ಮಗು ತನ್ನ ವೇಗದಲ್ಲಿ ಏರುತ್ತದೆ. ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ, ಶಿಕ್ಷಕರ ನೆರವಿನ ತಟ್ಟೆಯಿಂದ ಸಹಪಾಠಿಗಳ ನೆರವಿನ ತಟ್ಟೆಗೆ, ಅಲ್ಲಿಂದ ಸ್ವಕಲಿಕೆಯ ತಟ್ಟೆಗೆ ಸಾಗುತ್ತದೆ. ಗುರು ಹಾಡಿದ್ದನ್ನು ತಿರುಗಿ ಹಾಡುವುದು, ಜೊತೆಗೆ ಹಾಡುವುದು, ಒಬ್ಬರೇ ತಾಳ ಹಾಕಿಕೊಂಡು ಹಾಡುವುದು ಎಂಬ ವರಸೆಯ ಮೂರು ಹಂತಗಳಿಗೆ ಇದು ಹತ್ತಿರ. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಹರಡಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಆ ಸಾಮಗ್ರಿಯನ್ನು ತಾವೇ ಕೂತು ಮಾಡಿದವರು, ಯಾವ ಕಾರ್ಡಿನ ಹಿಂದೆ ಯಾವ ಕಾರ್ಡು ಏಕೆ ಎಂಬುದು ಅವರಿಗೆ ಗೊತ್ತಿತ್ತು. ಕಾರ್ಡುಗಳನ್ನು ಲಾರಿಯಲ್ಲಿ ಕಳಿಸಬಹುದು. ಮಾಡಿದ ಅನುಭವವನ್ನು ಕಳಿಸಲಾಗದು. ಅದನ್ನು ತರಬೇತಿಯಿಂದ ತುಂಬಬೇಕಾಯಿತು, ಎಷ್ಟು ತುಂಬಿತೆಂಬುದು ಶಾಲೆಯಿಂದ ಶಾಲೆಗೆ ಬೇರೆ. ವರಸೆಗೆ ಮನೆ ಹೇಗೋ, ಏಣಿಗೆ ಶಿಕ್ಷಕರ ಆ ಬಳಗ ಹಾಗೆ.

ಈ ಎರಡೂ ಉದಾಹರಣೆಗಳಿಂದ ಹೊರಡುವ ತೀರ್ಮಾನ ಇಷ್ಟು: ಮೆಟ್ಟಿಲು ಚೆನ್ನಾಗಿ ಕಟ್ಟುವುದು ಪಾಠಕ್ರಮದ ಅಗತ್ಯ ಗುಣ, ಆದರೆ ಅಷ್ಟೇ ಸಾಲದು. ತನ್ನ ಹೊರಗಿನ ಯಾವ ಕಲಿಕೆಯನ್ನು ಅದು ನೆಚ್ಚಿಕೊಂಡಿದೆ ಎಂಬುದೂ ವಿನ್ಯಾಸದ ಭಾಗವೇ. ಹಳೆಯ ಪಾಠಕ್ರಮವನ್ನು ಹೊಸ ಜಾಗಕ್ಕೆ ಒಯ್ಯುವವರು ಮೊದಲು ಆ ಪಟ್ಟಿ ಮಾಡಬೇಕು.

ಅಮೆರಿಕ, ಬ್ರಿಟನ್ನುಗಳ ಕನ್ನಡ ಮನೆಗಳ ಮಕ್ಕಳಿಗೆ ಈಗ ಬೆಂಗಳೂರು ಮೈಸೂರುಗಳಿಂದ ಆನ್‌ಲೈನ್ ಪಾಠ ನಡೆಯುತ್ತಿದೆ. ಧ್ವನಿ ತಲುಪುವಲ್ಲಿ ತುಸು ತಡವಾಗುವುದರಿಂದ ಗುರುಶಿಷ್ಯರು ಒಟ್ಟಿಗೆ ತಾಳ ಹಾಕಿ ಹಾಡಲಾಗದು. ‘ಜೊತೆಗೆ ಹಾಡುವುದು’ ಎಂಬ ನಡುವಿನ ಹಂತವೇ ಅಲ್ಲಿ ಬಿದ್ದುಹೋಗಿದೆ. ಗುರುಗಳು ಹಾಡಿದ ಧ್ವನಿಮುದ್ರಣದೊಂದಿಗೆ ಮಗು ದಿನವೂ ಹಾಡುವಂತೆ ಮಾಡಿದರೆ ಆ ಹಂತ ಅಷ್ಟಿಷ್ಟು ಮರಳುತ್ತದೆ. ಕೇಳ್ಮೆಯ ಕೊರತೆಗೆ ಮದ್ದು ಇನ್ನೂ ಸುಲಭ. ಸರಳೆ ಕಲಿಯುವ ತಿಂಗಳಲ್ಲೇ ತ್ಯಾಗರಾಜರ ‘ತುಳಸೀದಳ’, ದೀಕ್ಷಿತರ ‘ಶ್ರೀನಾಥಾದಿ’ ಕೇಳಿಸಬಹುದು, ಎರಡೂ ಮಾಯಾಮಾಳವಗೌಳದವೇ. ಗೀತೆಗೂ ವರ್ಣಕ್ಕೂ ನಡುವೆ ಮೋಹನದ ಸ್ವರಗಳಲ್ಲೇ ಹಳೆಯ ಜಂಟಿ ಮತ್ತು ಅಲಂಕಾರಗಳನ್ನು ಇನ್ನೊಮ್ಮೆ ಹಾಡಿಸಿದರೆ ಹೊಸ ಸ್ವರಸ್ಥಾನದ ಕಷ್ಟವಾದರೂ ಮುಂಚಿತವಾಗಿ ಕಳೆಯುತ್ತದೆ. ಕೆಲವು ಗುರುಗಳು ಇದನ್ನು ಮಾಡುತ್ತಲೇ ಇದ್ದಾರೆ. ಮುದ್ರಿತ ಪಾಠಪುಸ್ತಕಗಳೂ ಪರೀಕ್ಷೆಗಳ ಪಠ್ಯಪಟ್ಟಿಗಳೂ ಇದನ್ನು ಕಡ್ಡಾಯದ ಪಾಠವಾಗಿ ಸೇರಿಸಿಕೊಳ್ಳಬೇಕು.